ಕರಡಿ ಬೇಟೆಗೆ ಲೈಸೆನ್ಸ್ ಎಷ್ಟಪ್ಪಾ?

ಅಮೆರಿಕದಲ್ಲಿರುವ ನಮ್ಮ ಟೀಮಿನವನೊಬ್ಬ ತರಬೇತಿ ಮುಗಿಸಿ ಕಪ್ಪು ಕರಡಿ ಬೇಟೆಗೆ ಲೈಸೆನ್ಸ್ ತಗೊಂಡಿದ್ದಾನೆ. ‘ನಿಮ್ಮಲ್ಲಿ ಫೀಸ್ ಎಷ್ಟು?’ ಅಂದ. ನಮ್ಮಲ್ಲಿ ಎಷ್ಟು ಕೊಟ್ಟರೂ ಸಿಗೋದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ನಮ್ಮ ಕರಡಿ ಇದೆ. ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಆಗಬಹುದು. ಹೊಲ ಕಾಯಲು ಮನೆಯಲ್ಲಿ ಬಂದೂಕಿನ ಲೈಸೆನ್ಸ್ ಇದೆಯಾ? ಅದು ಬೇಟೆಯ ಪರವಾನಗಿ ಅಲ್ಲ.

ಹಾಗಾಗಿ ನಮಗೆ ಬೇಕಾದ್ದು ಎಚ್ಚರಿಕೆಯ ಪಾಠವಷ್ಟೇ. ನಮ್ಮೂರು ಗಳಗನಾಥದಲ್ಲಿ ವರದೆಯನ್ನು ಕೂಡಿಕೊಂಡ ತುಂಗಭದ್ರೆ ಮುಂದೆ ಹಂಪಿಯ ಬಂಡೆಗಳ ನಡುವೆ ಹರೀತಾಳೆ. ಅದು ಕರಡಿಗಳ ಸೀಮೆ. 1994ರಲ್ಲಿ ದರೋಜಿ ಕರಡಿಧಾಮ ಆಗಿದ್ದೂ ಅಲ್ಲೇ. ವೀಕೆಂಡಿಗೆ ಬೈಕ್ ಹತ್ತೋರು ಕೇಳಿ: ಕರಡಿಗೆ ಮೂಗು ಚುರುಕು, ಕಣ್ಣು ಕಿವಿ ಮಂದ. ನಾವು ತೀರಾ ಹತ್ತಿರ ಹೋದಾಗಲೇ ಅದಕ್ಕೆ ಗೊತ್ತಾಗೋದು. ಗಾಬರಿಬಿದ್ದು ಮುಖಕ್ಕೇ ಎರಗುತ್ತೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಬಂಡೆ ಹತ್ತಬೇಡಿ. ಇಯರ್‌ಫೋನ್ ತೆಗೆದಿಟ್ಟು ಜೋರಾಗಿ ಮಾತಾಡ್ತಾ ನಡೀರಿ. ಮರ ಹತ್ತಿದರೆ ಅದೂ ಹತ್ತುತ್ತೆ. ಬೆನ್ನ ಮೇಲೆ ಮರಿ ಹೊತ್ತ ತಾಯಿ ಕಂಡರೆ ಸೆಲ್ಫಿ ಬೇಡ, ಮೆಲ್ಲಗೆ ಹಿಂದೆ ಸರೀರಿ. ಮೈಮೇಲೇ ಬಿದ್ದರೆ ಬೋರಲು ಮಲಗಿ, ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಳ್ಳಿ.

ನೋಡಲೇಬೇಕು ಅಂದ್ರೆ ಮಧ್ಯಾಹ್ನದ ಮೇಲೆ ದರೋಜಿಯ ವೀಕ್ಷಣಾ ಗೋಪುರಕ್ಕೆ ಹೋಗಿ. ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕಲು ಅವೇ ಬರ್ತಾವೆ.