ಚುಕ್ಕಾಣಿಯಿಲ್ಲದ ದೋಣಿಯ ಎಡಬಲ

ಮರಾಠಿಯ ‘ಸುಕಾಣೂ’, ಕನ್ನಡದ ‘ಚುಕ್ಕಾಣಿ’ ಎರಡೂ ಅರಬ್ಬಿಯ ‘ಸುಕ್ಕಾನ್’ ಎಂಬ ಒಂದೇ ಮೂಲದ ಪದಗಳು. ಕಡಲ ವ್ಯಾಪಾರದ ಹಾದಿಯಲ್ಲಿ ಬಂದು ನಮ್ಮ ನುಡಿಗಳಲ್ಲಿ ನೆಲೆಸಿದವು. ಆದರೆ ಇಂದು ಮಲ್ಪೆಯಿಂದ ಕಾಸರಗೋಡಿನವರೆಗೂ ನಾಡದೋಣಿಗಳ ಹಿಂಬದಿಗೆ ತೂಗುವ ಔಟ್‌ಬೋರ್ಡ್ ಇಂಜಿನಿಗೆ ಚುಕ್ಕಾಣಿಯೇ ಇಲ್ಲ. ಇಂಜಿನನ್ನೇ ಹಿಡಿಯಿಂದ ಹೊರಳಿಸಬೇಕು; ಆಗ ಪ್ರೊಪೆಲ್ಲರ್ ನೀರನ್ನು ತಳ್ಳುವ ದಿಕ್ಕು ಬದಲಾಗಿ ದೋಣಿ ತಿರುಗುತ್ತದೆ. ದೋಣಿಯನ್ನು ಮುಂದೂಡುವುದೂ ತಿರುಗಿಸುವುದೂ ಒಂದೇ ಅಂಗದ ಕೆಲಸ. ಆದುದರಿಂದ ಆ ಅಂಗ ಯಾವ ಕಡೆಗೆ ಸುತ್ತುತ್ತದೆಂಬುದು ಅಂಬಿಗನಿಗೆ ತಿಳಿದಿರಲೇಬೇಕು.

ದೋಣಿಯ ಹಿಂದೆ ನಿಂತು ನೋಡಿದಾಗ, ಮುಂದೆ ಸಾಗುವ ವೇಳೆ ಗಡಿಯಾರದ ಮುಳ್ಳಿನಂತೆ ಸುತ್ತುವುದು ಬಲಸುತ್ತಿನ ಪ್ರೊಪೆಲ್ಲರ್. ಒಂಟಿ ಇಂಜಿನಿನ ದೋಣಿಗಳಲ್ಲಿ ಬಹುಪಾಲು ಇದೇ ಇರುತ್ತದೆ. ಎಡಸುತ್ತಿನದು ಹೆಚ್ಚಾಗಿ ಜೋಡಿ ಇಂಜಿನುಗಳಲ್ಲಿ ಒಂದಕ್ಕೆ ಮೀಸಲು; ಅಲ್ಲಿ ಒಂದರ ಸೆಳೆತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಒಂಟಿ ಇಂಜಿನಿಗೆ ಆ ಅನುಕೂಲವಿಲ್ಲ.

ಈ ಸೆಳೆತವನ್ನು ಅರಿಯಲು ಪ್ರೊಪೆಲ್ಲರನ್ನು ನೆಲದ ಮೇಲೆ ಉರುಳುವ ಗಾಡಿಯ ಗಾಲಿಯೆಂದು ಭಾವಿಸಿದರೆ ಸಾಕು. ಮುಂದೆ ಸಾಗುವಾಗ ಗಾಲಿ ಬಲಕ್ಕೆ ಉರುಳುತ್ತದೆ, ಹಿಮ್ಮುಖದಲ್ಲಿ ಎಡಕ್ಕೆ; ದೋಣಿಯ ಹಿಂಬದಿಯೂ ಅತ್ತಲೇ ಸರಿಯಲು ಹವಣಿಸುತ್ತದೆ. ಕೆಳಗಿನ ನೀರು ಹೆಚ್ಚು ದಟ್ಟವಾಗಿರುವುದೇ ಇದಕ್ಕೆ ಕಾರಣವೆಂದು ಹಲವರು ಹೇಳುವುದುಂಟು. ಅದು ಸರಿಯಲ್ಲ, ಒಂದೆರಡು ಅಡಿ ಆಳಕ್ಕೆ ನೀರಿನ ಸಾಂದ್ರತೆ ಬದಲಾಗದು. ಮೇಲಿನ ಅಲಗು ಗಾಳಿ ಬೆರೆತ, ಕದಡಿದ ನೀರಿನಲ್ಲಿ ಸುತ್ತಿ ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಅಲಗಿಗೆ ನಿರ್ಮಲವಾದ ನೀರು ಸಿಗುತ್ತದೆ. ವ್ಯತ್ಯಾಸ ಅಲ್ಲಿದೆ.

ಇದರ ಫಲ ದಡ ಸೇರುವಾಗ ಸ್ಪಷ್ಟವಾಗುತ್ತದೆ. ಕಟ್ಟೆಯನ್ನು ಎಡಕ್ಕಿಟ್ಟುಕೊಂಡು ಓರೆಯಾಗಿ, ನಿಧಾನವಾಗಿ ಸಮೀಪಿಸಿ, ಮೂತಿ ತಾಗುವ ಮುನ್ನ ಇಂಜಿನನ್ನು ಹಿಮ್ಮುಖಕ್ಕೆ ಹಾಕಿದರೆ ವೇಗ ತಗ್ಗುವುದರ ಜೊತೆಗೆ ಹಿಂಬದಿ ತಾನಾಗಿ ಎಡಕ್ಕೆ ಸರಿದು ಕಟ್ಟೆಗೆ ಒರಗುತ್ತದೆ. ಕಟ್ಟೆ ಬಲಕ್ಕಿದ್ದರೆ ಅದೇ ಸೆಳೆತ ಹಿಂಬದಿಯನ್ನು ದೂರ ಒಯ್ಯುತ್ತದೆ. ಪ್ರೊಪೆಲ್ಲರನ್ನು ಮೊದಲೇ ಕಟ್ಟೆಯತ್ತ ಹೊರಳಿಸಿಕೊಂಡು ಹಿಮ್ಮುಖ ಕೊಡಬೇಕು. ಗಾಳಿ, ಹೊಳೆಯ ಸೆಳವು ಬಲವಾಗಿದ್ದರೆ ಅವುಗಳ ಮಾತೇ ಮೇಲು.

ವೇಗದಲ್ಲಿ ಸಂಗತಿಯೇ ಬೇರೆ. ಇಂಜಿನಿನ ಕೆಳಭಾಗವನ್ನು ದೋಣಿಯತ್ತ ಒಳಕ್ಕೆ ಓರೆಯಾಗಿಸಿದಾಗ ಕೆಳಗಿಳಿಯುವ ಅಲಗು ಮೇಲೇರುವ ಅಲಗಿಗಿಂತ ಹೆಚ್ಚು ನೀರನ್ನು ಕಚ್ಚುತ್ತದೆ. ಬಲಸುತ್ತಿನಲ್ಲಿ ಕೆಳಗಿಳಿಯುವ ಅಲಗು ಬಲಮಗ್ಗುಲಿನದು. ನೂಕುಬಲದ ಕೇಂದ್ರ ಬಲಕ್ಕೆ ಜರುಗಿ ಹಿಡಿ ಕೈಯನ್ನು ಜಗ್ಗತೊಡಗುತ್ತದೆ. ಬಿಟ್ಟರೆ ದೋಣಿ ಬಲಕ್ಕೆ ತಿರುಗುತ್ತದೆ. ಪ್ರೊಪೆಲ್ಲರಿನ ಮೇಲುಗಡೆ ಅನೇಕ ಇಂಜಿನುಗಳಿಗೆ ಮೀನಿನ ಈಜುರೆಕ್ಕೆಯಂಥ ಚಿಕ್ಕ ತಗಡೊಂದಿರುತ್ತದೆ. ದೋಣಿ ಬಲಕ್ಕೆ ಎಳೆಯುತ್ತಿದ್ದರೆ ಅದರ ಹಿಂತುದಿಯನ್ನು ತುಸು ಬಲಕ್ಕೆ ತಿರುಗಿಸಿ ಬಿಗಿಯಬೇಕು. ಎಡಕ್ಕೆ ತಿರುಗಿಸಬೇಕೆಂದು ತೋರುವುದು ಸಹಜ, ಆದರೆ ಹಾಗೆ ಮಾಡಿದರೆ ಎಳೆತ ಹೆಚ್ಚುತ್ತದೆ.

ಹಿಡಿ ಕೈತಪ್ಪಿದಾಗ ಈ ಎಳೆತವೇ ಜೀವಕ್ಕೆ ಎರವಾಗುತ್ತದೆ. ಇಂಜಿನು ಥಟ್ಟನೆ ಹೊರಳಿ, ದೋಣಿ ಬಲಕ್ಕೆ ತಿರುಗಿ, ಕುಳಿತವನು ನೀರಿಗೆ ಎಸೆಯಲ್ಪಡುತ್ತಾನೆ; ಬರಿದಾದ ದೋಣಿ ಸುತ್ತುಹಾಕುತ್ತ ಅವನ ಮೇಲೆಯೇ ಮರಳಿ ಬರಬಲ್ಲದು. ನಡೆಸುವವನ ಮೈಗೆ ಸಿಕ್ಕಿಸುವ, ಅವನು ಬಿದ್ದೊಡನೆ ಕಳಚಿ ಇಂಜಿನನ್ನು ನಿಲ್ಲಿಸುವ ದಾರ ಇದಕ್ಕಾಗಿಯೇ ಇದೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಯಂತ್ರದೋಣಿಗಳು ವೇಗವಾಗಿ ಓಡುವಾಗ ಇಂಥ ಜೋಡಣೆಯನ್ನು ಬಳಸುವುದು 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ದಾರವನ್ನು ಮಣಿಕಟ್ಟಿಗಾಗಲಿ ತೇಲಂಗಿಗಾಗಲಿ ಸಿಕ್ಕಿಸಿಕೊಂಡ ಮೇಲೆಯೇ ಇಂಜಿನು ಹೂಡಬೇಕು.