ಎಲ್ಲರೂ ಒಂದೇ ದರ ಹೇಳಿದರೆ?

ಮೇ ತಿಂಗಳಲ್ಲಿ ಮೊಮ್ಮಗಳ ಜೊತೆ ಅಂಕೋಲೆ ಪೇಟೆಗೆ ಹೋಗಿದ್ದೆ. ಕರಿ ಇಶಾಡ ಮಾವಿನ ಬುಟ್ಟಿಗಳ ಸಾಲು. ಒಬ್ಬಾಕೆಗಿಂತ ಪಕ್ಕದಾಕೆ ಹತ್ತು ರೂಪಾಯಿ ಕಡಿಮೆ ಹೇಳಿದಳು. "ಎಲ್ಲರೂ ಸೇರಿ ಒಂದೇ ದರ ಹೇಳಿದ್ರೆ ಏನು ಮಾಡ್ತಿದ್ದೆ ಅಜ್ಜ?" ಎಂದಳು ಮೊಮ್ಮಗಳು.

ನನಗೆ ಹಳೆಯದು ನೆನಪಾಯಿತು. ಕಾರವಾರದಲ್ಲಿ ಮನೆ ಕಟ್ಟುವಾಗ ಸಿಮೆಂಟಿಗೆಂದು ಮೂರು ಅಂಗಡಿ ಸುತ್ತಿದ್ದೆ. ಮೂರರಲ್ಲೂ ಒಂದೇ ದರ! ಸಾಲದ ದುಡ್ಡು, ಕೇಳಿದಷ್ಟು ಕೊಟ್ಟು ಬಂದೆ.

ಮಕ್ಕಳೇ, ಉಪ್ಪು ಬ್ರಿಟಿಷ್ ಸರ್ಕಾರದ ಹಿಡಿತದಲ್ಲಿದ್ದಾಗ ಇದೇ ಅಂಕೋಲೆಯ ಜನ 1930ರಲ್ಲಿ ಆ ಕಾಯ್ದೆ ಮುರಿದರು. ಹೀಗೆ ಒಬ್ಬರೇ ಹಿಡಿದಿಡುವುದೇ ಏಕಸ್ವಾಮ್ಯ. ಸ್ವತಂತ್ರ ಭಾರತದಲ್ಲಿ ಅದನ್ನು ತಡೆಯಲು 1969ರಲ್ಲಿ ಎಂ.ಆರ್.ಟಿ.ಪಿ. ಕಾಯ್ದೆ ಬಂತು. ಬಿ.ಕಾಂ. ಓದುವಾಗ ನಾನದನ್ನು ಬಾಯಿಪಾಠ ಮಾಡಿದ್ದೆ. ಕಂಪನಿ ಎಷ್ಟು ದೊಡ್ಡದು ಎಂಬುದರ ಮೇಲೇ ಅದರ ಕಣ್ಣು ಹೆಚ್ಚು.

2002ರ ಸ್ಪರ್ಧಾ ಕಾಯ್ದೆ ಹೇಳಿದ್ದು ಬೇರೆ: ದೊಡ್ಡದಾಗುವುದು ತಪ್ಪಲ್ಲ, ಆ ಬಲದ ದುರುಪಯೋಗ ತಪ್ಪು, ಒಳಗೊಳಗೇ ಸೇರಿ ದರ ಗೊತ್ತುಮಾಡುವುದೂ ತಪ್ಪು. ಇದನ್ನು ವಿಚಾರಿಸಲು ಭಾರತೀಯ ಸ್ಪರ್ಧಾ ಆಯೋಗವಿದೆ. 2012ರಲ್ಲಿ ಅದು ಸಿಮೆಂಟ್ ಕಂಪನಿಗಳಿಗೇ 6 ಸಾವಿರ ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು.

ಬುಟ್ಟಿ ಸಾಲಿನಲ್ಲಿ ಇಬ್ಬರು ಬೇರೆ ಬೇರೆ ದರ ಹೇಳುವ ತನಕ ನಮ್ಮ ಕಿಸೆ ಕ್ಷೇಮ. ಅಂದು ಉಳಿದ ಹತ್ತು ರೂಪಾಯಿಗೆ ಮೊಮ್ಮಗಳು ಶೇಂಗಾ ತಿಂದಳು.