ಮಂತ್ರದಂಡ ಹಿಡಿದವರ ದೇವರು

ಮಾಂತ್ರಿಕರ ಕಥೆಗಳಲ್ಲಿ ದೇವರಿಗೆ ಕೆಲಸ ಕಡಿಮೆ. ಕಾಯಿಲೆ ವಾಸಿಯಾಗಲಿ, ಮಳೆ ಬರಲಿ, ಕಳೆದುಹೋದದ್ದು ಸಿಗಲಿ ಎಂದು ಸಾಮಾನ್ಯ ಜನ ಹರಕೆ ಹೊರುತ್ತಾರೆ. ಮಂತ್ರ ಬಲ್ಲವನು ಅದನ್ನೇ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಬೇಡಿಕೊಳ್ಳಲು ಏನೂ ಉಳಿಯದವರು ಯಾರನ್ನು ಪೂಜಿಸುತ್ತಾರೆ, ಯಾಕಾಗಿ ಪೂಜಿಸುತ್ತಾರೆ? ಫ್ಯಾಂಟಸಿ ಕಾದಂಬರಿ ಬರೆಯಲು ಕೂತ ಪ್ರತಿಯೊಬ್ಬರಿಗೂ ಈ ಇಕ್ಕಟ್ಟು ಎದುರಾಗುತ್ತದೆ. ಇಂಗ್ಲಿಷಿನ ಹೆಸರಾಂತ ಲೇಖಕರು ಇದಕ್ಕೆ ತಮ್ಮ ತಮ್ಮ ದಾರಿ ಕಂಡುಕೊಂಡಿದ್ದಾರೆ. ಆ ದಾರಿಗಳಲ್ಲಿ ಹೆಚ್ಚಿನವು ಹೋಗಿ ನಿಲ್ಲುವುದು ಸಾವಿನ ಎದುರು. ಮಂತ್ರಕ್ಕೂ ಬಗ್ಗದ್ದು ಅದೊಂದೇ.

ಜೆ.ಆರ್.ಆರ್. ಟೋಲ್ಕಿನ್ (1892–1973) ಕಟ್ಟಾ ಕ್ಯಾಥೊಲಿಕ್. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂಲತಃ ಧಾರ್ಮಿಕ ಕೃತಿಯೆಂದು 1953ರಲ್ಲಿ ಪಾದ್ರಿ ಮಿತ್ರರೊಬ್ಬರಿಗೆ ಅವರು ಬರೆದಿದ್ದರು. ಹಾಗಿದ್ದೂ ಆ ಕಥೆಯಲ್ಲಿ ಗುಡಿಯಿಲ್ಲ, ಪೂಜಾರಿಯಿಲ್ಲ. ಆಚರಣೆಗಳ ಉಲ್ಲೇಖವನ್ನು ಬೇಕೆಂದೇ ತೆಗೆದುಹಾಕಿದ್ದಾಗಿ ಅದೇ ಪತ್ರದಲ್ಲಿದೆ. ಅಲ್ಲಿನ ಎಲ್ಫ್‌ಗಳಿಗೆ ನಂಬಿಕೆಯ ಪ್ರಶ್ನೆಯೇ ಬರುವುದಿಲ್ಲ. ಗಲಾಡ್ರಿಯೆಲ್ ದೇವತೆಗಳ ನಾಡಿನಲ್ಲೇ ಬಾಳಿ ಬಂದವಳು. ಮಾಂತ್ರಿಕ ಗ್ಯಾಂಡಾಲ್ಫ್ ಆ ದೇವತೆಗಳೇ ಕಳಿಸಿಕೊಟ್ಟ ಸೇವಕ. ಕಣ್ಣಾರೆ ಕಂಡದ್ದನ್ನು ನಂಬುವುದೇನು ಬಂತು? ದೇವರ ಕಡೆ ತಿರುಗುವ ಪದ್ಧತಿ ಕಾಣಿಸುವುದು ಮನುಷ್ಯರಲ್ಲಿ: ಫರಾಮಿರ್ ಮತ್ತು ಅವನ ಸೈನಿಕರು ಊಟಕ್ಕೆ ಮುಂಚೆ ಪಶ್ಚಿಮಕ್ಕೆ ಮುಖ ಮಾಡಿ ಒಂದು ಕ್ಷಣ ಮೌನವಾಗಿ ನಿಲ್ಲುತ್ತಾರೆ. ‘ದಿ ಸಿಲ್ಮರಿಲಿಯನ್’ (1977) ಹೇಳುವ ನ್ಯೂಮೆನೋರ್ ದ್ವೀಪದಲ್ಲಂತೂ ಸೃಷ್ಟಿಕರ್ತನ ಆರಾಧನೆಗೆ ಬೋಳು ಬೆಟ್ಟದ ತುದಿಯೇ ಸಾಕಾಗಿತ್ತು. ಅಲ್ಲಿ ಗುಮ್ಮಟದ ಭಾರೀ ದೇಗುಲ ಎದ್ದದ್ದು ದುಷ್ಟಶಕ್ತಿಯಾದ ಸೌರಾನ್‌ನ ಕಾಲದಲ್ಲಿ, ನರಬಲಿಗಾಗಿ. ಸಾವಿನಿಂದ ಪಾರಾಗುವ ಆಸೆಯೇ ಆ ಜನರನ್ನು ಅಲ್ಲಿಗೆ ತಳ್ಳಿತ್ತು.

ಟೆರಿ ಪ್ರ್ಯಾಚೆಟ್ (1948–2015) ಇದೇ ವಿಷಯವನ್ನು ನಗೆಗೆ ತಿರುಗಿಸಿದರು. ಅವರ ಡಿಸ್ಕ್‌ವರ್ಲ್ಡ್ ಸರಣಿಯ ಮಾಟಗಾತಿಯರು ದೇವರುಗಳ ಇರವನ್ನು ಅಲ್ಲಗಳೆಯುವವರಲ್ಲ. ಇದ್ದರೆ ಇರಲಿ, ಅದಕ್ಕೆ ಕೈಮುಗಿಯುವುದೇಕೆ ಎನ್ನುವ ಜಾತಿಯವರು. ‘ಸ್ಮಾಲ್ ಗಾಡ್ಸ್’ (1992) ಕಾದಂಬರಿಯಲ್ಲಿ ಲೆಕ್ಕ ಇನ್ನೂ ತಲೆಕೆಳಗು. ದೇವರ ಬಲ ಭಕ್ತರ ನಂಬಿಕೆಯಷ್ಟೇ. ‘ಓಮ್’ ಎಂಬ ಮಹಾದೇವರ ಹೆಸರಿನಲ್ಲಿ ಒಂದು ಸಾಮ್ರಾಜ್ಯವೇ ನಡೆಯುತ್ತಿದೆ, ಆದರೆ ಮನಸಾರೆ ನಂಬುವವನು ಬ್ರೂಥಾ ಎಂಬ ಒಬ್ಬ ಹುಡುಗ ಮಾತ್ರ. ಉಳಿದವರ ಭಯಭಕ್ತಿಯೆಲ್ಲ ಮಠದ ಅಧಿಕಾರಿಗಳ ಕಡೆಗೆ. ಪರಿಣಾಮವಾಗಿ ದೇವರು ಆಮೆಯಾಗಿ ತೆವಳುತ್ತಿದ್ದಾನೆ. ಫಿಲಿಪ್ ಪುಲ್ಮನ್ ಅವರ ‘ಹಿಸ್ ಡಾರ್ಕ್ ಮಟೀರಿಯಲ್ಸ್’ (1995–2000) ಚರ್ಚಿನ ಅಧಿಕಾರದ ಮೇಲೆ ಬಹಿರಂಗವಾಗಿ ಯುದ್ಧ ಸಾರಿದ ಕೃತಿ. ಅದರಲ್ಲೂ ಶತಮಾನಗಳ ಕಾಲ ಬದುಕುವ ಮಾಟಗಾತಿಯರಿಗೆ ಯಾಂಬೆ-ಅಕ್ಕಾ ಎಂಬ ಮೃತ್ಯುದೇವತೆಯನ್ನು ಲೇಖಕರು ಉಳಿಸಿಕೊಟ್ಟಿದ್ದಾರೆ. ಕೊನೆಗಾಲದಲ್ಲಿ ಅವಳು ನಗುಮುಖದಿಂದ ಬರುತ್ತಾಳೆಂದು ಆ ಮಾಟಗಾತಿಯರ ನಂಬಿಕೆ.

ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯಲ್ಲಿ (1997–2007) ಧರ್ಮ ಇದೆಯೋ ಇಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಹಾಗ್ವಾರ್ಟ್ಸ್ ಶಾಲೆಗೆ ಕ್ರಿಸ್‌ಮಸ್, ಈಸ್ಟರ್ ರಜೆ ಇದೆ, ಪ್ರಾರ್ಥನೆ ಇಲ್ಲ. ಮಾಂತ್ರಿಕರ ಆಸ್ಪತ್ರೆಗೆ ಸಂತ ಮಂಗೋ ಹೆಸರು. ನಿಜಲೋಕದಲ್ಲಿ ಅದು ಗ್ಲಾಸ್ಗೋ ನಗರದ ರಕ್ಷಕ ಸಂತನ ಹೆಸರೂ ಹೌದು. ಸಿರಿಯಸ್ ಬ್ಲ್ಯಾಕ್ ಹ್ಯಾರಿಯ ಗಾಡ್‌ಫಾದರ್, ಅಂದರೆ ಕ್ರೈಸ್ತರ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವವನು. ಆದರೆ ಬಿಲ್ ಮತ್ತು ಫ್ಲರ್ ಎಂಬ ಮಾಂತ್ರಿಕರ ಮದುವೆ ನಡೆಸಿಕೊಡುವುದು ಪಾದ್ರಿಯಲ್ಲ, ಕುಚ್ಚುಗೂದಲಿನ ಒಬ್ಬ ಕುಳ್ಳ ಮಾಂತ್ರಿಕ. ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಅಂತ್ಯಸಂಸ್ಕಾರ ನಡೆಸಿದವನೂ ಅವನೇ. ಪದ್ಮಾ ಮತ್ತು ಪಾರ್ವತಿ ಪಾಟೀಲ್ ಎಂಬ ಅವಳಿ ಹುಡುಗಿಯರೂ ಅಲ್ಲಿದ್ದಾರೆ. ಉತ್ತರ ಕರ್ನಾಟಕದಲ್ಲಿ ಪಾಟೀಲರಿಲ್ಲದ ಊರು ಹುಡುಕಬೇಕು, ಹೆಸರೇನೋ ಆಪ್ತವಾಗಿಯೇ ಕೇಳಿಸುತ್ತದೆ. ಆದರೆ ಈ ಹುಡುಗಿಯರು ದೀಪಾವಳಿ ಆಚರಿಸುತ್ತಾರೋ ಇಲ್ಲವೋ ಏಳು ಪುಸ್ತಕಗಳಲ್ಲಿ ಎಲ್ಲೂ ಸುಳಿವಿಲ್ಲ.

ಧರ್ಮದ ಬಗೆಗಿನ ಈ ಅಸ್ಪಷ್ಟತೆಗೆ ಕಥೆಯೊಳಗೇ ಒಂದು ಇತಿಹಾಸವಿದೆ. ಯುರೋಪಿನಲ್ಲಿ ಮಾಟಗಾತಿಯರೆಂದು ಜನರನ್ನು ಬೇಟೆಯಾಡಿದ ಕಾಲದಲ್ಲಿ ಮಾಂತ್ರಿಕ ಸಮಾಜ ತನ್ನನ್ನು ಮುಚ್ಚಿಟ್ಟುಕೊಂಡಿತು. ಅದರ ಗೋಪ್ಯತೆಯ ಕಾನೂನು 17ನೇ ಶತಮಾನದ ಕೊನೆಯದು. ರೌಲಿಂಗ್ ಇದನ್ನೂ ಹಗುರವಾಗಿಯೇ ಹೇಳುತ್ತಾರೆ. ಮೂರನೆಯ ಪುಸ್ತಕದ ವೆಂಡೆಲಿನ್ ಎಂಬ ಮಾಟಗಾತಿ ಬೆಂಕಿ ತಣ್ಣಗಾಗುವ ಮಂತ್ರ ಹಾಕಿಕೊಂಡು, ಸುಡಿಸಿಕೊಳ್ಳುವ ಮೋಜಿಗೆಂದೇ ವೇಷ ಬದಲಿಸಿ 47 ಬಾರಿ ಸಿಕ್ಕಿಬೀಳುತ್ತಾಳೆ. ಶಾಲೆಯ ಹಫಲ್‌ಪಫ್ ವಿಭಾಗದ ದೆವ್ವ ಒಬ್ಬ ಸನ್ಯಾಸಿ. ರೋಗಿಗಳನ್ನು ಕೋಲಿನಿಂದ ತಿವಿದೇ ಗುಣಪಡಿಸುತ್ತಿದ್ದನೆಂದು ಚರ್ಚಿನ ಹಿರಿಯರು ಸಂಶಯಪಟ್ಟು ಅವನನ್ನು ಕೊಲ್ಲಿಸಿದರೆಂದು ರೌಲಿಂಗ್ ಆಮೇಲೆ ಬರೆದರು. ಮಾಂತ್ರಿಕನಾಗಿದ್ದೂ ಸನ್ಯಾಸ ಸ್ವೀಕರಿಸಿದ ಈ ಪಾತ್ರವನ್ನು ಅವರು ಇನ್ನಷ್ಟು ಬೆಳೆಸಬಹುದಿತ್ತು.

ನಂಬಿಕೆಯ ಮಾತು ಗಂಭೀರವಾಗುವುದು ಸಾವು ಬಂದಾಗ. ಐದನೆಯ ಪುಸ್ತಕದಲ್ಲಿ ಸಿರಿಯಸ್ ಒಂದು ಪರದೆಯಾಚೆ ಬಿದ್ದು ಇಲ್ಲವಾಗುತ್ತಾನೆ. ಹ್ಯಾರಿ ಮೊದಲು ಓಡುವುದು ಶಾಲೆಯ ದೆವ್ವ ನಿಕ್ ಹತ್ತಿರ. ಸತ್ತವನಿಗೆ ಗೊತ್ತಿರಬೇಕಲ್ಲ! ನಿಕ್‌ಗೂ ಗೊತ್ತಿಲ್ಲ; ಹೆದರಿ ಇಲ್ಲೇ ಉಳಿದುಕೊಂಡವನು ತಾನು, ಸಾವಿನ ಗುಟ್ಟು ತನಗೆ ತಿಳಿಯದು ಎಂದುಬಿಡುತ್ತಾನೆ. ಆಮೇಲೆ ಸಿಗುವವಳು ಎಲ್ಲರ ಗೇಲಿಗೆ ಗುರಿಯಾದ ಲೂನಾ ಲವ್‌ಗುಡ್. ಅವಳಿಗೆ ಒಂಬತ್ತು ವರ್ಷವಿದ್ದಾಗ ತಾಯಿ ಮಂತ್ರಪ್ರಯೋಗವೊಂದರಲ್ಲಿ ತೀರಿಕೊಂಡಿದ್ದಳು. ಪರದೆಯ ಹಿಂದಿನ ಪಿಸುಮಾತು ನೀನೂ ಕೇಳಿದೆಯಲ್ಲ, ಅಮ್ಮ ಮತ್ತೆ ಸಿಕ್ಕೇ ಸಿಗುತ್ತಾಳೆ ಎಂಬ ಭಾವದಲ್ಲಿ ಅವಳು ನೆಮ್ಮದಿಯಿಂದ ಮಾತಾಡುತ್ತಾಳೆ. ಆಧಾರ ಕೇಳಿದರೆ ಅವಳ ಬಳಿಯೂ ಇಲ್ಲ. ಇಡೀ ಸರಣಿಯಲ್ಲಿ ನಂಬಿಕೆ ಎಂದು ಕರೆಯಬಹುದಾದದ್ದು ಇಷ್ಟು ಶುದ್ಧವಾಗಿ ಬೇರೆಲ್ಲೂ ಕಾಣುವುದಿಲ್ಲ.

ಕೊನೆಯ ಪುಸ್ತಕದಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿ ಹ್ಯಾರಿ ಮತ್ತು ಅವನ ಗೆಳತಿ ಹರ್ಮಾಯನಿ ವೇಷ ಮರೆಸಿಕೊಂಡು ಗಾಡ್ರಿಕ್ಸ್ ಹಾಲೋ ಹಳ್ಳಿಯ ಸ್ಮಶಾನಕ್ಕೆ ಹೋಗುತ್ತಾರೆ. ಪಕ್ಕದ ಚರ್ಚಿನಿಂದ ಹಾಡು ಕೇಳುತ್ತಿರುತ್ತದೆ. ಹ್ಯಾರಿಯ ತಂದೆತಾಯಿಯ ಸಮಾಧಿಯ ಮೇಲೆ, ಸಾವೇ ಕೊನೆಗೆ ನಾಶವಾಗುವ ಶತ್ರು ಎಂಬರ್ಥದ ಬೈಬಲ್ ವಾಕ್ಯ ಕೆತ್ತಿದೆ. ಅದು ಬೈಬಲಿನದೆಂದು ಇಬ್ಬರೂ ಹೇಳುವುದಿಲ್ಲ. ಸಾವನ್ನು ಗೆಲ್ಲಹೊರಟ ವೋಲ್ಡಮೋರ್‌ನ ಅನುಯಾಯಿಗಳ ಘೋಷಣೆಯಂತೆ ಅದು ಹ್ಯಾರಿಗೆ ಕೇಳಿಸಿ ಅವನು ಬೆಚ್ಚುತ್ತಾನೆ. ಸಾವಿನಾಚೆಯೂ ಬದುಕಿರುವುದೆಂದು ಅದರರ್ಥ ಎಂದು ಹರ್ಮಾಯನಿ ಸಮಾಧಾನ ಹೇಳುತ್ತಾಳೆ. ಡಂಬಲ್‌ಡೋರ್ ಮನೆಯವರ ಸಮಾಧಿಯ ಮೇಲಿರುವುದೂ ಬೈಬಲ್ ವಾಕ್ಯವೇ. ಈ ಎರಡು ವಾಕ್ಯಗಳಲ್ಲಿ ಸರಣಿಯ ಸಾರವೇ ಇದೆ ಎಂಬರ್ಥದ ಮಾತನ್ನು ರೌಲಿಂಗ್ 2007ರ ಅಕ್ಟೋಬರ್‌ನಲ್ಲಿ ಆಡಿದರು. ಅದಕ್ಕೆ ಆರು ವರ್ಷ ಮುಂಚೆ, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗಾರ್ಡೊದಲ್ಲಿ ಒಂದು ಚರ್ಚಿನವರು ಇದೇ ಸರಣಿಯ ಪುಸ್ತಕಗಳನ್ನು ಬೆಂಕಿಗೆ ಹಾಕಿದ್ದರು.

ಅಮೆರಿಕದ ಅರ್ಸುಲಾ ಕೆ. ಲೆ ಗ್ವಿನ್ (1929–2018) ಪ್ರಶ್ನೆಯನ್ನು ಇವರೆಲ್ಲರಿಗಿಂತ ಆಳಕ್ಕೆ ಒಯ್ದರು. ಅವರ ‘ಅರ್ಥ್‌ಸೀ’ ದ್ವೀಪಲೋಕದಲ್ಲಿ ಎರಡು ಜನಾಂಗಗಳಿವೆ. ಹಾರ್ಡಿಕ್ ಜನರಿಗೆ ಮಂತ್ರವಿದ್ಯೆಯಿದೆ, ಪುರೋಹಿತರಿಲ್ಲ. ಲೋಕದ ಸಮತೋಲ ಕೆಡದಂತೆ ನಡೆದುಕೊಳ್ಳುವುದೇ ಅವರ ಮಾಂತ್ರಿಕರ ಧರ್ಮ. ಕಾರ್ಗ್ ಜನರಿಗೆ ದೇವರು, ಗುಡಿ, ಪುರೋಹಿತರು ಎಲ್ಲ ಇದ್ದಾರೆ, ಮಂತ್ರವಿದ್ಯೆಯೆಂದರೆ ಮೈಲಿಗೆ.

‘ದಿ ಟೂಂಬ್ಸ್ ಆಫ್ ಅಟುವಾನ್’ (1971) ಕಾರ್ಗ್ ನಾಡಿನ ಕಥೆ. ಹಿಂದಿನ ಅರ್ಚಕಿ ಸತ್ತ ರಾತ್ರಿಯೇ ಹುಟ್ಟಿದವಳೆಂದು ಟೆನಾರ್ ಎಂಬ ಮಗುವನ್ನು ಐದನೇ ವಯಸ್ಸಿನಲ್ಲಿ ಮನೆಯಿಂದ ಬಿಡಿಸಿ ಗುಡಿಗೆ ತರುತ್ತಾರೆ. ಅವಳ ಹೆಸರನ್ನೂ ಕಿತ್ತುಕೊಂಡು ನೆಲದಡಿಯ ‘ಹೆಸರಿಲ್ಲದವರ’ ಸೇವೆಗೆ ಒಪ್ಪಿಸುತ್ತಾರೆ. ಆ ನೆಲಮಾಳಿಗೆಯಲ್ಲಿ ಬೆಳಕು ಹೊತ್ತಿಸುವುದು ಮಹಾಪಾಪ. ಹಾಗಿರುವಾಗ ಕೊಸಿಲ್ ಎಂಬ ಹಿರಿಯ ಅರ್ಚಕಿ ಅಲ್ಲೇ ದೀಪ ಹಚ್ಚಿಕೊಂಡು ನೆಲ ಅಗೆಯುತ್ತಿರುವುದನ್ನು ಟೆನಾರ್ ಕಾಣುತ್ತಾಳೆ. ಅರ್ಚಕಿಗೇ ನಂಬಿಕೆಯಿಲ್ಲ. ಕಳ್ಳನಂತೆ ಒಳಬಂದು ಸೆರೆಸಿಕ್ಕ ಮಾಂತ್ರಿಕ ಗೆಡ್ ಮಾತ್ರ ಆ ಶಕ್ತಿಗಳು ನಿಜವೆಂದು ಒಪ್ಪುತ್ತಾನೆ. ಇವೆ, ಆದರೆ ಪೂಜೆಗೆ ಅರ್ಹವಲ್ಲ ಎಂಬುದು ಅವನ ನಿಲುವು. ಆಸ್ತಿಕ-ನಾಸ್ತಿಕ ಎಂಬ ಎರಡೇ ಖಾನೆಗಳಲ್ಲಿ ಈ ನಿಲುವು ಕೂರುವುದಿಲ್ಲ.

ಅಲ್ಲಿಗೆ ಮಾಂತ್ರಿಕನದೇ ಮೇಲುಗೈ ಅನ್ನಿಸುತ್ತದೆ. 30 ವರ್ಷಗಳ ನಂತರ ಲೆ ಗ್ವಿನ್ ಆ ತೀರ್ಪನ್ನು ತಾವೇ ತಿದ್ದಿದರು. ಸತ್ತ ಹಾರ್ಡಿಕ್ ಜನರು ಕಲ್ಲಿನ ಗೋಡೆಯಾಚೆಯ ಒಣನಾಡಿಗೆ ಹೋಗುತ್ತಾರೆಂದು ಮೊದಲ ಪುಸ್ತಕಗಳಲ್ಲಿತ್ತು. ಅಲ್ಲಿ ಗಾಳಿಯಿಲ್ಲ, ಪ್ರೀತಿಯಿಲ್ಲ, ಸತ್ತವರು ಒಬ್ಬರನ್ನೊಬ್ಬರು ಗುರುತಿಸುವುದೂ ಇಲ್ಲ. ‘ದಿ ಅದರ್ ವಿಂಡ್’ (2001) ಕಾದಂಬರಿಯಲ್ಲಿ ಬಯಲಾಗುವ ಸತ್ಯವೇ ಬೇರೆ: ಅಮರರಾಗುವ ಆಸೆಯಿಂದ ಹಳೆಯ ಮಾಂತ್ರಿಕರೇ ಡ್ರ್ಯಾಗನ್‌ಗಳ ನೆಲವನ್ನು ಕದ್ದು ಗೋಡೆ ಕಟ್ಟಿದ್ದರು. ಸತ್ತವರು ಮತ್ತೆ ಹುಟ್ಟುತ್ತಾರೆ, ಮಾಂತ್ರಿಕರಿಗೆ ಮಾತ್ರ ಆ ಭಾಗ್ಯವಿಲ್ಲ ಎನ್ನುತ್ತಿದ್ದ ಕಾರ್ಗ್ ಜನರೇ ಸತ್ಯಕ್ಕೆ ಹತ್ತಿರವಿದ್ದರು. ಗೋಡೆ ಕೆಡವಿ ಸತ್ತವರನ್ನು ಬಿಡುಗಡೆ ಮಾಡುವುದರೊಂದಿಗೆ ಆ ಕಥೆ ಮುಗಿಯುತ್ತದೆ. ಅನಾಗರಿಕರೆನಿಸಿಕೊಂಡವರ ನಂಬಿಕೆಯ ಎದುರು ಮಾಂತ್ರಿಕರ ವಿದ್ಯೆಯನ್ನು ಇಷ್ಟು ನೇರವಾಗಿ ಸೋಲಿಸಿದ್ದು ಇಲ್ಲಿ ಹೇಳಿದ ಲೇಖಕರಲ್ಲಿ ಲೆ ಗ್ವಿನ್ ಒಬ್ಬರೇ.